ಕೃಷಿ ಸಂಗ್ರಹಾಲಯಕ್ಕೆ ಮಕ್ಕಳ ಪ್ರವಾಸ: ತಾರೀಕನ್ನು ಹೊಲ ನೋಡಿ ಗೊತ್ತುಮಾಡಿ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗಿದೆ. ದಸರಾ ರಜೆ ಮುಗಿದರೆ ಸಾಕು, ಸ್ಟಾಫ್ ರೂಮಿನಲ್ಲಿ ಎಲ್ಲಿಗೆ, ಎಷ್ಟು ಬಸ್, ತಲೆಗೆ ಎಷ್ಟು ದುಡ್ಡು ಅನ್ನುವ ಚರ್ಚೆ. ಈಚೆಗೆ ಅರಮನೆ, ಮೃಗಾಲಯ, ವಾಟರ್ ಪಾರ್ಕುಗಳ ಪಟ್ಟಿಯಲ್ಲಿ ಕೃಷಿ ಸಂಗ್ರಹಾಲಯ, ತೋಟದ ಭೇಟಿ ಅಂತಲೂ ಸೇರಿಸುತ್ತಿದ್ದಾರೆ. ನನಗೆ ಇದು ತುಂಬಾ ಖುಷಿಯ ವಿಷಯ. ನಾನು ಬೆಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ಮಾಗಡಿ ಕಡೆ, ರಾಗಿ ಹೊಲಗಳ ನಡುವೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಹಾಕಿ.

ಹೋಗುವುದೇನೋ ಸರಿ, ಆದರೆ ಹೋಗುವ ರೀತಿ ನೋಡಿದರೆ ಬೇಜಾರಾಗುತ್ತದೆ. ಒಂದು ಬಸ್ಸಿಗೆ ಅರವತ್ತು ಮಕ್ಕಳು. ಬೆಳಿಗ್ಗೆ ತಿಂಡಿಗೆ ಒಂದು ಕಡೆ ನಿಲ್ಲಿಸಿ, ಹನ್ನೊಂದಕ್ಕೆ ಸಂಗ್ರಹಾಲಯ ತಲುಪಿ, ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬರುವುದು. ಗೋಡೆಗೆ ಒರಗಿಸಿದ ನೇಗಿಲು, ನೇತುಹಾಕಿದ ನೊಗ, ಗಾಜಿನ ಹಿಂದೆ ಸೇರು, ಪಾವು. ಹನ್ನೆರಡೂವರೆಗೆ ಗ್ರೂಪ್ ಫೋಟೊ. ಮಧ್ಯಾಹ್ನ ಊಟ ಆದ ಮೇಲೆ ಮತ್ತೆಲ್ಲೋ ಒಂದು ದೇವಸ್ಥಾನ, ಒಂದು ಅಣೆಕಟ್ಟು. ಮಕ್ಕಳಿಗೆ ಮಜಾ ಸಿಕ್ಕಿತು ಅನ್ನಿ, ಆದರೆ ಅನ್ನ, ಮುದ್ದೆ ಹೇಗೆ ಆಗುತ್ತದೆ ಎಂದು ಒಂದು ಮಗುವಿಗಾದರೂ ತಿಳಿಯಿತಾ ಅಂತ ಕೇಳಿದರೆ ಉತ್ತರ ಇಲ್ಲ.

ನಾನು ಹೇಳಬೇಕಾದ್ದು ಇಷ್ಟೇ. ಕೃಷಿ ಸಂಗ್ರಹಾಲಯಕ್ಕೆ ಹೋಗುವುದಾದರೆ ಅದರ ಜೊತೆಗೆ ಅವತ್ತೇ ಕೆಲಸ ನಡೆಯುತ್ತಿರುವ ಒಂದು ಹೊಲಕ್ಕೂ ಹೋಗಬೇಕು. ಹಾಗೆ ಹೋಗಬೇಕಾದರೆ ಪ್ರವಾಸದ ತಾರೀಕನ್ನು ಬಸ್ ಖಾಲಿ ಇರುವ ದಿನ ನೋಡಿ ಗೊತ್ತುಮಾಡಬಾರದು, ಹೊಲದಲ್ಲಿ ಏನು ಕೆಲಸ ನಡೆಯುತ್ತದೆ ಎಂದು ಕೇಳಿ ಗೊತ್ತುಮಾಡಬೇಕು.

ರಾಮನಗರದ ಜಾನಪದ ಲೋಕವನ್ನೇ ತೆಗೆದುಕೊಳ್ಳಿ. ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ಆಸುಪಾಸು. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ಸುತ್ತಿ ಸಂಗ್ರಹಿಸಿದ್ದನ್ನೆಲ್ಲ ಹದಿನೈದು ಎಕರೆ ಜಾಗದಲ್ಲಿ ಜೋಡಿಸಿ 1994ರಲ್ಲಿ ಜನರಿಗೆ ತೆರೆದ ಜಾಗ ಅದು. ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ ಸಾಮಾನು, ಕಾಳು ತುಂಬಿಡುವ ವಾಡೆಗಳು, ಬೀಸುವ ಕಲ್ಲು ಎಲ್ಲ ಇವೆ. ಬೇಸಾಯದ ಸಲಕರಣೆಗಳೂ ಇವೆ. ಅಷ್ಟು ವಸ್ತುಗಳನ್ನು ಒಂದೇ ಕಡೆ ನೋಡಲು ಈಗ ಯಾವ ಹಳ್ಳಿಯಲ್ಲೂ ಆಗುವುದಿಲ್ಲ. ನಾನು ಅಲ್ಲಿಗೆ ಹೋಗಬೇಡಿ ಅನ್ನುತ್ತಿಲ್ಲ, ಖಂಡಿತ ಹೋಗಿ. ಆದರೆ ಅಲ್ಲಿ ಬೀಜ ಬಿತ್ತುವ ಕೂರಿಗೆಯನ್ನು ನೋಡಿದ ಏಳನೇ ತರಗತಿಯ ಹುಡುಗನಿಗೆ ಏನು ಗೊತ್ತಾಗುತ್ತದೆ ಹೇಳಿ? ಮೇಲೆ ಒಂದು ಮರದ ಬಟ್ಟಲು, ಅದರ ತಳದಲ್ಲಿ ತೂತುಗಳು, ಪ್ರತಿ ತೂತಿನಿಂದ ಒಂದೊಂದು ಬಿದಿರಿನ ಕೊಳವೆ ಕೆಳಗೆ ಇಳಿದಿದೆ. ಅವನಿಗೆ ಅದು ಏನೋ ವಾದ್ಯದ ಹಾಗೆ ಕಾಣುತ್ತದೆ. ಅದೇ ಕೂರಿಗೆಯನ್ನು ಎತ್ತುಗಳು ಎಳೆಯುತ್ತಿರುವಾಗ, ಹಿಂದೆ ಒಬ್ಬರು ನಡೆಯುತ್ತಾ ಬಟ್ಟಲಿಗೆ ಬೆರಳಲ್ಲಿ ಒಂದೇ ಸಮನೆ ರಾಗಿ ಬಿಡುತ್ತಿರುವುದನ್ನು ನೋಡಿದರೆ ಎರಡೇ ನಿಮಿಷಕ್ಕೆ ಎಲ್ಲ ಅರ್ಥವಾಗುತ್ತದೆ. ಬೀಜ ಹೇಗೆ ಎಲ್ಲ ಸಾಲಿಗೂ ಸಮನಾಗಿ ಹಂಚಿಕೆಯಾಗುತ್ತದೆ, ಸಾಲುಗಳ ನಡುವೆ ಯಾಕೆ ಜಾಗ ಬಿಡುತ್ತಾರೆ, ಆ ಜಾಗದಲ್ಲಿ ಆಮೇಲೆ ಎಡೆಕುಂಟೆ ಹೊಡೆದು ಕಳೆ ತೆಗೆಯುತ್ತಾರೆ, ಮಧ್ಯೆ ಮಧ್ಯೆ ಒಂದು ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಯಾಕೆ ಹಾಕುತ್ತಾರೆ. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆ ಉಳಿಯಲಿ ಎನ್ನುವ ಲೆಕ್ಕಾಚಾರ ಅದು. ಮನೆಯ ಸಾರಿಗೆ ಬೇಳೆ, ಒಗ್ಗರಣೆಗೆ ಸಾಸಿವೆ, ದನಕ್ಕೆ ಹುಲ್ಲು, ಎಲ್ಲ ಒಂದೇ ಹೊಲದಲ್ಲಿ. ಪರಿಸರ ಅಧ್ಯಯನದ ಪುಸ್ತಕದಲ್ಲಿ ಮಿಶ್ರ ಬೆಳೆ ಎಂದು ಒಂದು ಸಾಲು ಬರೆದು ಬಿಟ್ಟಿರುತ್ತಾರಲ್ಲ, ಅದರ ಪೂರ್ತಿ ಪಾಠ ಈ ಒಂದು ಹೊಲದಲ್ಲಿದೆ.

ಈಗ ತಾರೀಕಿನ ವಿಷಯಕ್ಕೆ ಬರುತ್ತೇನೆ.

ರಾಮನಗರ, ಮಾಗಡಿ, ಕನಕಪುರದ ಕಡೆ ಮಳೆಯಾಶ್ರಿತ ರಾಗಿ ಬಿತ್ತುವುದು ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ. ತಳಿ ನೋಡಿಕೊಂಡು ಮೂರೂವರೆ, ನಾಲ್ಕು ತಿಂಗಳ ಬೆಳೆ. ಕಟಾವು ನವೆಂಬರ್, ಡಿಸೆಂಬರ್‌ನಲ್ಲಿ. ಕೊಯ್ದ ರಾಗಿಯನ್ನು ಹೊಲದಲ್ಲೇ ಒಣಗಿಸಿ, ಕಟ್ಟು ಕಟ್ಟಿ, ಮೆದೆ ಹಾಕಿ, ಪುರುಸೊತ್ತು ನೋಡಿಕೊಂಡು ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಒಕ್ಕಣೆ ಮಾಡುತ್ತಾರೆ. ಶಾಲೆಯವರು ಪ್ರವಾಸ ಹೋಗುವುದೂ ಹೆಚ್ಚಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಅಲ್ವಾ? ಅಂದರೆ ಕಟಾವು, ಒಕ್ಕಣೆಯ ಶುರು ಎರಡೂ ನಮ್ಮ ಪ್ರವಾಸದ ಕಾಲದಲ್ಲೇ ಬರುತ್ತವೆ. ಹುಡುಕಿಕೊಂಡು ಹೋಗಬೇಕಾಗಿಲ್ಲ, ಕೇಳಿಕೊಂಡು ಹೋದರೆ ಸಾಕು. ಆದರೂ ಎಷ್ಟೋ ಬಸ್ಸುಗಳು ಜಾನಪದ ಲೋಕ ನೋಡಿ, ಅಲ್ಲೇ ಒಂದೆರಡು ಕಿಲೋಮೀಟರ್ ಆಚೆ ಕಣದಲ್ಲಿ ರಾಗಿ ತೂರುತ್ತಿರುವವರನ್ನು ಕಿಟಕಿಯಿಂದಲೂ ನೋಡದೆ ವಾಪಸ್ ಬರುತ್ತವೆ.

ಹೊಲದ ಕೆಲಸಕ್ಕೆ ಶಾಲೆಯ ಟೈಂಟೇಬಲ್ ಗೊತ್ತಿರುವುದಿಲ್ಲ. ಮೋಡ ಕವಿದರೆ ಕಟಾವು ಮುಂದಕ್ಕೆ ಹೋಗುತ್ತದೆ. ಒಕ್ಕಣೆಗೆ ಬಿಸಿಲು ಬೇಕು, ತೂರುವುದಕ್ಕೆ ಗಾಳಿ ಬೇಕು. ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೂರು ದಿನ ಜಡಿಮಳೆ. ಅದಕ್ಕೇ ಒಂದೇ ತಾರೀಕು ಇಟ್ಟುಕೊಳ್ಳದೆ ಒಂದು ವಾರದ ಅವಕಾಶ ಇಟ್ಟುಕೊಂಡು ಬಸ್ಸಿನವರ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು. ಇದು ಕಷ್ಟ ಅನ್ನುತ್ತಾರೆ. ನಿಜ, ಮುನ್ನೂರು ಮಕ್ಕಳನ್ನು ಐದು ಬಸ್ಸಿನಲ್ಲಿ ಒಟ್ಟಿಗೆ ಕರೆದುಕೊಂಡು ಹೋಗುವುದಾದರೆ ಕಷ್ಟ. ಒಂದೊಂದು ಸೆಕ್ಷನ್ ಬೇರೆ ಬೇರೆ ದಿನ ಹೋದರೆ ಅಷ್ಟು ಕಷ್ಟವಿಲ್ಲ, ಹೊಲಕ್ಕೂ ಅದೇ ಒಳ್ಳೆಯದು.

ಇಲ್ಲಿ ಇನ್ನೊಂದು ಮಾತು. ಕೆಲಸ ನಡೆಯುವ ಹೊಲ ಅಂದರೆ ಎತ್ತು, ನೇಗಿಲು, ಒಕ್ಕಣೆಯ ರೋಣಗಲ್ಲು ಇರಲೇಬೇಕು ಅಂತ ಹಠ ಹಿಡಿಯಬೇಡಿ. ಇವತ್ತು ಎತ್ತು ಸಾಕುವ ಮನೆಗಳು ಕಡಿಮೆ. ಟ್ರ್ಯಾಕ್ಟರ್ ಬಾಡಿಗೆಗೆ ಕರೆಸುತ್ತಾರೆ, ಒಕ್ಕಣೆ ಯಂತ್ರ ತರಿಸುತ್ತಾರೆ. ಇನ್ನು ಕೆಲವರು ರಾಗಿಯನ್ನು ಡಾಂಬರು ರಸ್ತೆ ಮೇಲೆ ಹರಡಿ ಗಾಡಿಗಳು ಓಡಾಡಿ ಒಕ್ಕಣೆಯಾಗಲಿ ಅಂತ ಬಿಡುತ್ತಾರೆ, ಬೈಕಿನವರು ಜಾರಿ ಬಿದ್ದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬರುತ್ತಿರುತ್ತದೆ. ಅದು ಅಪಾಯ, ಹಾಗೆ ಮಾಡಬಾರದು. ಆದರೆ ಯಾಕೆ ಹಾಗೆ ಮಾಡುತ್ತಾರೆ ಎಂದು ಮಕ್ಕಳಿಗೆ ಗೊತ್ತಾಗಬೇಕು. ಕಣ ಮಾಡಲು ಜಾಗವಿಲ್ಲ, ಸಗಣಿ ಸಾರಿಸಿ ನೆಲ ಗಟ್ಟಿ ಮಾಡಲು ಮನೆಯಲ್ಲಿ ಆಳಿಲ್ಲ, ಕೂಲಿ ಕೊಡಲು ದುಡ್ಡಿಲ್ಲ. ಸಂಗ್ರಹಾಲಯ ನಮ್ಮ ಅಜ್ಜ ಅಜ್ಜಿಯರ ಬೇಸಾಯ ತೋರಿಸುತ್ತದೆ. ಹೊಲ ಇವತ್ತಿನ ಬೇಸಾಯ ತೋರಿಸುತ್ತದೆ. ಒಂದನ್ನು ಮಾತ್ರ ನೋಡಿದ ಮಗು, ಹಳ್ಳಿಯವರು ಇನ್ನೂ ಮರದ ನೇಗಿಲು ಹಿಡಿದುಕೊಂಡೇ ಓಡಾಡುತ್ತಾರೆ ಅಂದುಕೊಳ್ಳುತ್ತದೆ. ಎರಡನ್ನೂ ಒಂದೇ ದಿನ ನೋಡಿದರೆ, ಬದಲಾಗಿದ್ದೇನು, ಬದಲಾಗದೆ ಉಳಿದದ್ದೇನು ಎಂದು ತಾನೇ ಕೇಳಲು ಶುರು ಮಾಡುತ್ತದೆ.

ರಾಮನಗರಕ್ಕೆ ಹೋದವರು ರೇಷ್ಮೆ ಗೂಡಿನ ಮಾರುಕಟ್ಟೆ ಬಿಡಬಾರದು. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಮಾರುಕಟ್ಟೆ. ಹರಾಜು ಬೆಳಗಿನ ಹೊತ್ತೇ ನಡೆಯುವುದರಿಂದ ಮೊದಲು ಅಲ್ಲಿಗೆ ಹೋಗಿ, ಆಮೇಲೆ ಜಾನಪದ ಲೋಕಕ್ಕೆ ಹೋಗುವ ಹಾಗೆ ದಿನ ಜೋಡಿಸಿಕೊಳ್ಳಬೇಕು. ಜಾಲರಿ ತೊಟ್ಟಿಗಳಲ್ಲಿ ಹಳದಿ ಗೂಡು, ಬಿಳಿ ಗೂಡು ಸುರಿದಿರುತ್ತವೆ. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಗೂಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡುತ್ತಾರೆ, ಈಗ ಬಿಡ್ ಕೂಗುವ ಬದಲು ಇ-ಹರಾಜು. ದ್ವಿತಳಿ ಎನ್ನುವ ಒಂದು ಒಳ್ಳೆಯ ಬಿಳಿ ಗೂಡಿನಲ್ಲಿ ಸಾವಿರ ಮೀಟರ್‌ವರೆಗೂ ಎಳೆ ಇರುತ್ತದೆ ಎಂದು ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಆದರೆ ಅಲ್ಲಿ ರೈತರ ಒಂದು ತಿಂಗಳ ದುಡಿಮೆ ಆ ತೊಟ್ಟಿಯಲ್ಲಿರುತ್ತದೆ, ಮಕ್ಕಳು ಗೂಡು ಹೆಕ್ಕಿಕೊಂಡು ಜೇಬಿಗೆ ಹಾಕಿಕೊಳ್ಳಬಾರದು, ದಾರಿಗೆ ಅಡ್ಡ ನಿಲ್ಲಬಾರದು. ಇದನ್ನು ಬಸ್ ಇಳಿಯುವ ಮುಂಚೆಯೇ ಹೇಳಬೇಕು.

ಹಾಗೆಯೇ ಹುಳು ಮನೆ. ರೇಷ್ಮೆ ಹುಳು ಸಾಕುವವರ ಮನೆಗೆ ಅರವತ್ತು ಮಕ್ಕಳನ್ನು ನುಗ್ಗಿಸುವುದು ದೊಡ್ಡ ತಪ್ಪು. ಹುಳುವಿಗೆ ರೋಗ ತಗಲುವುದು ಬಹಳ ಸುಲಭ. ಅದಕ್ಕೇ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ, ಮನೆಯವರೇ ಕಾಲು, ಕೈ ತೊಳೆದು ಒಳಗೆ ಹೋಗುತ್ತಾರೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳು ಸೊಪ್ಪು ತಿನ್ನುವ ಶಬ್ದ ಕೇಳುವುದು ಒಂದು ಅನುಭವವೇ ಸರಿ, ಮಳೆ ಹನಿಯುವ ಹಾಗೆ ಕೇಳಿಸುತ್ತದೆ. ಆದರೆ ನಮ್ಮ ಮಕ್ಕಳ ಆ ಒಂದು ಅನುಭವಕ್ಕೆ ಒಂದು ಮನೆಯ ಬೆಳೆ ಹೋಗಬಾರದು. ಹುಳು ಗೂಡು ಕಟ್ಟಲು ಬಿಡುವ ಚಂದ್ರಿಕೆಯಲ್ಲಿ ಗೂಡು ಕಟ್ಟಿ ಮುಗಿದ ಮೇಲೆ, ಗೂಡು ಬಿಡಿಸುವ ದಿನ ಹೋಗಿ. ಅವತ್ತು ಕೆಲಸಕ್ಕೆ ಕೈಗಳೂ ಬೇಕಾಗಿರುತ್ತವೆ, ಮನೆಯವರು ಒಪ್ಪಿದರೆ ಮಕ್ಕಳೂ ನಾಲ್ಕು ಗೂಡು ಬಿಡಿಸಬಹುದು.

ದೊಡ್ಡ ತರಗತಿಯ ಮಕ್ಕಳಿಗೆ, ಎಂಟರಿಂದ ಹತ್ತರವರೆಗೆ, ನಾನು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯನ್ನು (ಗಾಂಧಿ ಕೃಷಿ ವಿಜ್ಞಾನ ಕೇಂದ್ರ) ಹೇಳುತ್ತೇನೆ. ಬೆಂಗಳೂರಿನಲ್ಲೇ ಇದೆ, ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ. ಕೃಷಿ ಸಂಗ್ರಹಾಲಯ ಒಂದು ಕಡೆ, ಅದರ ಸುತ್ತ ನೂರಾರು ಎಕರೆ ಪ್ರಯೋಗದ ಹೊಲಗಳು. ಜೇನು ಸಾಕಣೆ, ರೇಷ್ಮೆ, ಖುಷ್ಕಿ ಬೇಸಾಯ, ಸಿರಿಧಾನ್ಯ, ಎಲ್ಲದಕ್ಕೂ ಬೇರೆ ಬೇರೆ ವಿಭಾಗ. ಈ ಕೆಲಸದ ಬೇರು ಹೆಬ್ಬಾಳದಲ್ಲಿದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಲ್ಲಿ ಮೂವತ್ತು ಎಕರೆ ಕೊಟ್ಟು ಪ್ರಯೋಗ ಕ್ಷೇತ್ರ ಶುರು ಮಾಡಿಸಿದರು, ಕೃಷಿ ವಿಶ್ವವಿದ್ಯಾಲಯ ಬಂದದ್ದು 1964ರಲ್ಲಿ. ಆದರೆ ಒಂದು ಮನವಿ. ನವೆಂಬರ್‌ನ ಕೃಷಿ ಮೇಳದ ದಿನ ಸಣ್ಣ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಮೇಳ ರೈತರಿಗಾಗಿ ಇರುವುದು. ಆ ನೂಕುನುಗ್ಗಲಿನಲ್ಲಿ ಮಕ್ಕಳ ತಲೆ ಎಣಿಸುವುದರಲ್ಲೇ ಟೀಚರ್‌ಗಳ ದಿನ ಮುಗಿಯುತ್ತದೆ, ವಿಜ್ಞಾನಿಗಳಿಗೂ ಮಕ್ಕಳ ಜೊತೆ ಕೂತು ಮಾತಾಡಲು ಆಗುವುದಿಲ್ಲ. ಮೇಳ ಮುಗಿದ ಮೇಲೆ ಮೊದಲೇ ಪತ್ರ ಬರೆದು ಹೋಗಿ. ಬೇರೆ ಜಿಲ್ಲೆಯವರು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಬಹುದು. ಧಾರವಾಡ, ರಾಯಚೂರಿನಲ್ಲೂ ಕೃಷಿ ವಿಶ್ವವಿದ್ಯಾಲಯಗಳಿವೆ. ಅಲ್ಲಿ ಬಿಳಿಜೋಳ, ತೊಗರಿಯ ಪಾಠ. ಹಿಂಗಾರಿ ಜೋಳದ ಹೊಲದಲ್ಲಿ ಎಳ್ಳಮಾವಾಸ್ಯೆಯ ಹೊತ್ತಿಗೆ ಬೆಳೆ ನೋಡುವುದೇ ಚೆಂದ, ಆ ಕಡೆಯ ಶಾಲೆಗಳು ಆ ದಿನಗಳನ್ನು ಸುಮ್ನೆ ಬಿಡಬಾರದು.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಹತ್ತಿರ ಇರುವವರು ಮಕ್ಕಳಿಗೆ ರಾಗಿ ಲಕ್ಷ್ಮಣಯ್ಯನವರ ಕಥೆ ಹೇಳಿ ಕರೆದುಕೊಂಡು ಹೋಗಿ. ರಾಗಿಯ ಹೂವು ಎಷ್ಟು ಸಣ್ಣದು ಅಂದರೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅದು ತನ್ನಷ್ಟಕ್ಕೇ ಪರಾಗಸ್ಪರ್ಶ ಮಾಡಿಕೊಂಡು ಬಿಡುತ್ತದೆ, ಹಾಗಾಗಿ ಎರಡು ತಳಿ ಕೂಡಿಸುವುದು ತುಂಬಾ ತಾಳ್ಮೆಯ ಕೆಲಸ. ಅವರು ಅಲ್ಲೇ ಕೂತು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು, ಈ ಕಡೆಯ ಎಷ್ಟೋ ಮನೆಗಳ ಕಣಜ ತುಂಬಿತು. ಹತ್ತನೇ ತರಗತಿಯಲ್ಲಿ ಮೆಂಡಲ್‌ನ ಬಟಾಣಿ ಗಿಡದ ಪಾಠ ಮಾಡುತ್ತೇವಲ್ಲ, ಅದೇ ಪಾಠದ ನಮ್ಮೂರಿನ ಉದಾಹರಣೆ ಇದು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಎಲ್ಲ ಶಾಲೆಗಳಲ್ಲೂ ಪೋಸ್ಟರ್ ಅಂಟಿಸಿದೆವು. ಪೋಸ್ಟರಿನಲ್ಲಿ ಲಕ್ಷ್ಮಣಯ್ಯನವರ ಹೆಸರು ನಾನು ನೋಡಲಿಲ್ಲ.

ಮಕ್ಕಳ ಕೈಗೆ ಮೂವತ್ತು ಪ್ರಶ್ನೆಗಳ ಹಾಳೆ ಕೊಟ್ಟು ತುಂಬಿಸಿಕೊಂಡು ಬನ್ನಿ ಅನ್ನುವ ಪದ್ಧತಿಯನ್ನು ದಯವಿಟ್ಟು ಬಿಡೋಣ. ಅವರು ಹಾಳೆ ನೋಡುತ್ತಾರೆ, ಹೊಲ ನೋಡುವುದಿಲ್ಲ. ಒಂದು ಗುಂಪಿಗೆ ಒಂದೇ ಕೆಲಸ ಕೊಡಿ. ಒಂದು ಸಣ್ಣ ತೂಕದ ಯಂತ್ರ ತೆಗೆದುಕೊಂಡು ಹೋಗಿ, ಸಾವಿರ ರಾಗಿ ಕಾಳು ಎಣಿಸಿ ತೂಗಿಸಿ. ಮೂರು ಗ್ರಾಂ ಆಸುಪಾಸು ಬರುತ್ತದೆ. ಹಾಗಾದರೆ ಒಂದು ಕಿಲೋದಲ್ಲಿ ಎಷ್ಟು ಕಾಳು? ಮೂರು ಲಕ್ಷಕ್ಕೂ ಜಾಸ್ತಿ. ಎಕರೆಗೆ ಎಷ್ಟು ಕಿಲೋ ಬಿತ್ತಿದಿರಿ, ಎಷ್ಟು ಕ್ವಿಂಟಲ್ ಬಂತು ಎಂದು ಯಜಮಾನರನ್ನು ಕೇಳಲಿ. ಒಂದು ಕಾಳಿಗೆ ಎಷ್ಟು ಕಾಳು ಬಂತು ಎಂದು ಅಲ್ಲೇ ಕೂತು ಲೆಕ್ಕ ಹಾಕಲಿ. ಇನ್ನೊಂದು ಗುಂಪು ದುಡ್ಡಿನ ಲೆಕ್ಕ ಹಿಡಿಯಲಿ. 2024-25ಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ರಾಗಿ ಬೆಂಬಲ ಬೆಲೆ ಕ್ವಿಂಟಲಿಗೆ 4290 ರೂಪಾಯಿ, ಕಿಲೋಗೆ 42 ರೂಪಾಯಿ 90 ಪೈಸೆ. ಉಳುಮೆಗೆ ಎಷ್ಟು ಹೋಯಿತು, ಗೊಬ್ಬರಕ್ಕೆ ಎಷ್ಟು, ಕಳೆ ತೆಗೆದವರಿಗೆ ಎಷ್ಟು, ಕೊಯ್ದವರಿಗೆ ಎಷ್ಟು, ಯಂತ್ರದ ಬಾಡಿಗೆ ಎಷ್ಟು. ಕೊನೆಗೆ ಮನೆಯವರ ದುಡಿಮೆಗೆ ಏನು ಉಳಿಯಿತು. ಈ ಲೆಕ್ಕ ಮಾಡಿದ ಮಗು ಅಂಗಡಿಯಲ್ಲಿ ರಾಗಿ ಹಿಟ್ಟಿನ ಪ್ಯಾಕೆಟ್ಟಿನ ಬೆಲೆ ನೋಡಿದಾಗ ತಾನಾಗಿಯೇ ಯೋಚನೆ ಮಾಡುತ್ತದೆ, ನಾವು ಭಾಷಣ ಮಾಡಬೇಕಾಗಿಲ್ಲ.

ಇನ್ನು ಪೋಷಕರ ವಿಷಯ. ಪ್ರತಿ ಸಲವೂ ಯಾರಾದರೂ ಬಂದು, ದುಡ್ಡು ಕೊಟ್ಟು ಹೊಲ ನೋಡಬೇಕಾ ಮೇಡಂ ಅನ್ನುತ್ತಾರೆ. ಅದಕ್ಕೆ ಉತ್ತರ ಹೇಳುವುದು ಸುಲಭ. ಆದರೆ ಒಬ್ಬ ತಾಯಿ ಹೇಳಿದ ಮಾತು ಬೇರೆ ಥರದ್ದು. "ನಾವು ಹೊಲ ಬಿಟ್ಟು ಬಂದಿದ್ದೇ ಮಕ್ಕಳು ಈ ಕಷ್ಟ ನೋಡಬಾರದು ಅಂತ, ನೀವು ಮತ್ತೆ ಅಲ್ಲಿಗೇ ಕರ್ಕೊಂಡು ಹೋಗ್ತೀರಲ್ಲ ಮೇಡಂ" ಅಂದರು. ಅವರ ಮಾತಿನಲ್ಲಿ ನೋವಿತ್ತು. ಅದನ್ನು ತಳ್ಳಿಹಾಕಲು ಆಗುವುದಿಲ್ಲ. ಪ್ರವಾಸದ ಹೆಸರಿನಲ್ಲಿ ನಾವು ಬೇಸಾಯವನ್ನು ಹಸಿರು, ತಂಗಾಳಿ, ಚಿಲಿಪಿಲಿ ಎಂದು ಬಣ್ಣಿಸಿದರೆ ಅಂಥ ಮನೆಗಳ ಅನುಭವಕ್ಕೆ ಅವಮಾನ ಮಾಡಿದ ಹಾಗೆ. ನಾನು ಅವರಿಗೆ ಹೇಳಿದ್ದು, ನಿಮ್ಮ ಮಗಳಿಗೆ ಇದೆಲ್ಲ ಗೊತ್ತು, ತರಗತಿಯ ಬೇರೆ ಮಕ್ಕಳಿಗೆ ಗೊತ್ತಿಲ್ಲ, ಅವಳು ಹೇಳಿಕೊಡಲಿ ಅಂತ. ಅವರದು ರಾಯಚೂರಿನ ಕಡೆಯ ಹಳ್ಳಿ, ಇಲ್ಲಿ ಗಾರೆ ಕೆಲಸಕ್ಕೆ ಬಂದವರು. ಆ ಹುಡುಗಿ ತರಗತಿಯಲ್ಲಿ ಬಾಯಿ ಬಿಡುವುದೇ ಕಷ್ಟ. ಹೊಲದಲ್ಲಿ ಕುಡುಗೋಲು ಹಿಡಿಯುವುದು ಹೇಗೆ, ಹತ್ತಿ ಬಿಡಿಸುವಾಗ ಬೆರಳು ಹೇಗೆ ಸೀಳುತ್ತದೆ, ತಮ್ಮ ಕಡೆ ಕಪ್ಪು ಮಣ್ಣು ಬೇಸಿಗೆಯಲ್ಲಿ ಎಷ್ಟು ಅಗಲ ಬಿರಿಯುತ್ತದೆ ಎಂದು ಅವಳು ಹೇಳುತ್ತಿದ್ದರೆ ಡಾಕ್ಟರು, ಎಂಜಿನಿಯರುಗಳ ಮಕ್ಕಳು ಸುತ್ತ ನಿಂತು ಕೇಳುತ್ತಿದ್ದರು. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ, ಕಡಿಮೆ ಫೀಸಿನ ಶಾಲೆಗಳಲ್ಲಿ ಇಂಥ ಮಕ್ಕಳು ಎಷ್ಟೊಂದು ಜನ ಇದ್ದಾರೆ. ಪ್ರವಾಸ ಯೋಜಿಸುವ ಮುಂಚೆ ನಿಮ್ಮ ತರಗತಿಯಲ್ಲಿ ಯಾರ ಮನೆಯಲ್ಲಿ ಹೊಲ ಇದೆ, ಇತ್ತು ಎಂದು ಕೇಳಿ. ಗೈಡ್ ನಿಮ್ಮ ತರಗತಿಯಲ್ಲೇ ಕೂತಿರುತ್ತಾರೆ.

ಹೊಲದ ಮನೆಯವರಿಗೆ ದುಡ್ಡು ಕೊಡಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಜಾನಪದ ಲೋಕಕ್ಕೆ ಟಿಕೆಟ್ ತೆಗೆದುಕೊಳ್ಳುತ್ತೇವೆ, ಬಸ್ಸಿಗೆ ಬಾಡಿಗೆ ಕೊಡುತ್ತೇವೆ, ಹೋಟೆಲಿಗೆ ಬಿಲ್ ಕಟ್ಟುತ್ತೇವೆ. ಅರ್ಧ ದಿನ ಕೆಲಸ ನಿಲ್ಲಿಸಿ ನಮ್ಮ ಮಕ್ಕಳಿಗೆ ಪಾಠ ಹೇಳಿದ ರೈತರಿಗೆ ಒಂದು ಶಾಲು, ಒಂದು ಹಾರ ಹಾಕಿ ಬಂದರೆ ಅದು ನ್ಯಾಯವಲ್ಲ. ಎಷ್ಟು ಅಂತ ಮೊದಲೇ ಮಾತಾಡಿ. ಅವರು ಬೇಡ ಅನ್ನಬಹುದು, ನಮ್ಮ ಹಳ್ಳಿಯವರು ಹಾಗೇ ಅನ್ನುವುದು. ಆದರೂ ಕೊಡಿ. ಮಕ್ಕಳು ತುಳಿದು ಹಾಳು ಮಾಡಿದರೆ ಅದಕ್ಕೂ ಸೇರಿಸಿ ಕೊಡಿ. ಊಟದ ಭಾರವನ್ನು ಆ ಮನೆಯ ಹೆಂಗಸರ ಮೇಲೆ ಹಾಕಬೇಡಿ. ಕಟಾವಿನ ದಿನಗಳಲ್ಲಿ ಅವರಿಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿರುವುದಿಲ್ಲ. ಊರಿನ ಸ್ತ್ರೀಶಕ್ತಿ ಸಂಘದವರನ್ನು ಕೇಳಿ, ಮುದ್ದೆ, ಅವರೆಕಾಳು ಸಾರು ಅಥವಾ ಬಸ್ಸಾರು, ಅನ್ನ, ಮಜ್ಜಿಗೆ ಮಾಡಿ ಕೊಡುತ್ತಾರೆ, ದುಡ್ಡೂ ಊರಿನಲ್ಲೇ ಉಳಿಯುತ್ತದೆ. ನಗರದ ಮಕ್ಕಳಿಗೆ ಪೂರ್ತಿ ಮುದ್ದೆ ಬಡಿಸಬೇಡಿ, ಸಣ್ಣ ಮುದ್ದೆ ಮಾಡಿಸಿ. ಒಕ್ಕಣೆ ನೋಡಿ ಬಂದ ಮಕ್ಕಳು ಅಲ್ಲೇ ಎಲೆಯಲ್ಲಿ ಮುದ್ದೆ ಬಿಟ್ಟು ಎದ್ದರೆ ಬಡಿಸಿದವರಿಗೆ ಹೇಗಾಗುತ್ತದೆ?

ಸುರಕ್ಷತೆ ವಿಷಯದಲ್ಲಿ ಮಾತ್ರ ಸ್ವಲ್ಪವೂ ಉದಾಸೀನ ಬೇಡ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಹೋದ ನಾಲ್ವರು ವಿದ್ಯಾರ್ಥಿನಿಯರು ತೀರಿಹೋದರು. ಆ ಸುದ್ದಿ ಓದಿದ ದಿನ ಯಾವ ಟೀಚರಿಗೂ ನಿದ್ದೆ ಬಂದಿರಲಾರದು. ಹೊಲದಲ್ಲಿ ಕಡಲಿಲ್ಲ, ಆದರೆ ನೀರಿದೆ. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ಕೃಷಿ ಹೊಂಡಕ್ಕೆ. ನೀರು ಇಂಗಬಾರದು ಎಂದು ಪ್ಲಾಸ್ಟಿಕ್ ಹೊದಿಕೆ ಹಾಕಿರುತ್ತಾರೆ, ಇಳಿಜಾರು ಕಡಿದಾಗಿರುತ್ತದೆ. ಕಾಲು ಜಾರಿದರೆ ಈಜು ಬರುವವರೂ ಮೇಲೆ ಹತ್ತಲಾರರು, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಬೇಲಿ ಇಲ್ಲದ ಹೊಂಡ ಇರುವ ಹೊಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ಹಳೇ ತೆರೆದ ಬಾವಿಗಳೂ ಹಾಗೆಯೇ. ಇದನ್ನೆಲ್ಲ ತಿಳಿಯುವುದಕ್ಕೆ ಒಂದೇ ದಾರಿ, ಪ್ರವಾಸಕ್ಕೆ ಮುಂಚೆ ಇಬ್ಬರು ಟೀಚರ್‌ಗಳು ಹೋಗಿ ಮಕ್ಕಳು ನಡೆಯುವ ಪ್ರತಿ ಹೆಜ್ಜೆ ತಾವು ನಡೆದು ಬರಬೇಕು. ಫೋನಿನಲ್ಲಿ ಕೇಳಿ ಗೊತ್ತುಮಾಡುವ ಕೆಲಸವಲ್ಲ ಇದು. ಮೇವು ಕತ್ತರಿಸುವ ಯಂತ್ರ ಓಡುತ್ತಿರುವಾಗ, ಒಕ್ಕಣೆ ಯಂತ್ರ ನಡೆಯುತ್ತಿರುವಾಗ ಮಕ್ಕಳು ದೂರ ನಿಲ್ಲಬೇಕು, ದುಪಟ್ಟಾ, ಬಿಚ್ಚಿದ ಕೂದಲು ಹತ್ತಿರವೂ ಹೋಗಬಾರದು. ಹುಲ್ಲಿನ ಮೆದೆ ಹತ್ತಿ ಕುಣಿಯುವುದು ಬೇಡ, ಒಳಗೆ ಹಾವಿರಬಹುದು. ಪಂಪಿನ ಸ್ಟಾರ್ಟರ್ ಪೆಟ್ಟಿಗೆ, ಔಷಧಿ ಡಬ್ಬಗಳನ್ನು ಯಾರೂ ಮುಟ್ಟಬಾರದು. ತೂರುವಾಗ ಏಳುವ ದೂಳು ಉಬ್ಬಸ ಇರುವ ಮಕ್ಕಳಿಗೆ ಆಗುವುದಿಲ್ಲ, ಅವರ ಇನ್‌ಹೇಲರ್ ಟೀಚರ್ ಕೈಯಲ್ಲಿರಲಿ, ಅವರನ್ನು ಗಾಳಿ ಬರುವ ಕಡೆ ನಿಲ್ಲಿಸಿ. ದನ ಕರು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟ.

ಮತ್ತೆ ಶೌಚಾಲಯ. ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯದೆ ಕೂತಿರುತ್ತಾರೆ, ಯಾಕೆ ಅಂತ ಎಲ್ಲ ಟೀಚರ್‌ಗಳಿಗೂ ಗೊತ್ತು. ಸಂಗ್ರಹಾಲಯದಲ್ಲಿ ವ್ಯವಸ್ಥೆ ಇರುತ್ತದೆ, ಹೊಲದಲ್ಲಿ ಇರುವುದಿಲ್ಲ. ಹೊಲದ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರ ಜೊತೆ ಮೊದಲೇ ಮಾತಾಡಿಕೊಂಡರೆ ಅಲ್ಲಿ ಅನುಕೂಲ ಸಿಗುತ್ತದೆ. ಆ ಶಾಲೆಯ ಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ದಾರಿಯ ಬಗ್ಗೆಯೂ ಒಂದು ಮಾತು, ಹೊಸ ಮೈಸೂರು ಹೆದ್ದಾರಿ ಬಿಡದಿ ದಾಟಿದ ಮೇಲೆ ರಾಮನಗರವನ್ನು ಹೊರಗಿನಿಂದ ಬಳಸಿಕೊಂಡು ಹೋಗುತ್ತದೆ, ಹಳೇ ರಸ್ತೆಗೆ ಇಳಿಯಬೇಕೆಂದು ಡ್ರೈವರ್‌ಗೆ ಮೊದಲೇ ಹೇಳಿ.

ಶಿಕ್ಷಣ ಇಲಾಖೆಯವರಿಗೆ ನನ್ನದೊಂದು ಕೇಳಿಕೆ. ಬೆಳೆಯನ್ನು ಅರ್ಥ ಮಾಡಿಕೊಳ್ಳಲು ಒಂದು ಭೇಟಿ ಸಾಲದು. ಬಿತ್ತನೆಗೆ ಒಮ್ಮೆ, ಅದೇ ಹೊಲಕ್ಕೆ ಒಕ್ಕಣೆಗೆ ಇನ್ನೊಮ್ಮೆ ಹೋಗಬೇಕು. ಜುಲೈ, ಆಗಸ್ಟ್‌ನಲ್ಲಿ ಪ್ರವಾಸ ಅಂದರೆ ಯಾರೂ ಕಿವಿಗೊಡುವುದಿಲ್ಲ, ಇತ್ತ ಡಿಸೆಂಬರ್ ಕೊನೆಯೊಳಗೆ ಎಲ್ಲ ಮುಗಿಸುವುದು ರೂಢಿಯಾಗಿಬಿಟ್ಟಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟಗಾರರ ಜೊತೆ ಕಲಿಯುವ ಮಾತಿತ್ತು. ನಮ್ಮ ರಾಜ್ಯದಲ್ಲೂ ಸಂಭ್ರಮ ಶನಿವಾರ ಎಂದು ಬ್ಯಾಗ್ ಇಲ್ಲದ ದಿನ ಮಾಡಿದರು. ಯಾವ ನೀತಿಯ ಹೆಸರಿನಲ್ಲಾದರೂ ಸರಿ, ಅಂಥ ಒಂದು ದಿನವನ್ನು ಬಿತ್ತನೆಗೆ, ಇನ್ನೊಂದನ್ನು ಒಕ್ಕಣೆಗೆ ಕೊಡಲು ಶಾಲೆಗಳಿಗೆ ಅವಕಾಶ ಕೊಡಿ. ಹತ್ತಿರದ ಹೊಲಕ್ಕೆ ಹೋಗಿ ಸಂಜೆಯೊಳಗೆ ವಾಪಸ್ ಬರುವ ಭೇಟಿಗೆ ನಾಲ್ಕು ದಿನದ ಪ್ರವಾಸಕ್ಕೆ ಬೇಕಾಗುವಷ್ಟೇ ಕಾಗದ ಪತ್ರ ಕೇಳಬೇಡಿ. ಚಿಣ್ಣರ ಕರ್ನಾಟಕ ದರ್ಶನದಂಥ ಯೋಜನೆಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಕೋಟೆ, ಅರಮನೆ ನೋಡುತ್ತಾರೆ, ಆ ದಾರಿಯಲ್ಲೇ ಒಂದು ಕೃಷಿ ಸಂಶೋಧನಾ ಕೇಂದ್ರವನ್ನೂ ಸೇರಿಸಿ.

ಸಂಗ್ರಹಾಲಯದವರಿಗೂ ಒಂದು ಕೇಳಿಕೆ ಇದೆ. ಹಳೆಯ ವಸ್ತುಗಳನ್ನು ಮುಟ್ಟಬೇಡಿ ಎಂದು ಬೋರ್ಡ್ ಹಾಕುವುದು ಸರಿಯೇ, ಅವು ಹಾಳಾದರೆ ಮತ್ತೆ ಸಿಗುವುದಿಲ್ಲ. ಆದರೆ ಹೊಸದಾಗಿ ಒಂದು ಬೀಸುವ ಕಲ್ಲು, ಒಂದು ಒರಳು ಒನಕೆ, ಒಂದೆರಡು ಮೊರ, ಸೇರು ಪಾವು ಮಾಡಿಸಿ ಮಕ್ಕಳ ಕೈಗೆ ಸಿಗುವ ಹಾಗೆ ಹೊರಗೆ ಇಡಬಹುದಲ್ಲ. ಒಂದು ಹಿಡಿ ರಾಗಿ ಬೀಸುವಷ್ಟರಲ್ಲಿ ತೋಳು ನೋಯುವುದು ಮಕ್ಕಳಿಗೆ ಗೊತ್ತಾಗಲಿ. ಅಂಗಳದಲ್ಲಿ ನಾಲ್ಕು ಗುಂಟೆ ಜಾಗ ಇದ್ದರೆ ರಾಗಿ, ಅಕ್ಕಡಿ ಹಾಕಿ, ಇವತ್ತು ಹೊಲದಲ್ಲಿ ಯಾವ ಕೆಲಸ ನಡೆಯುತ್ತಿದೆ ಎಂದು ಬಾಗಿಲಲ್ಲಿ ಒಂದು ಕಪ್ಪು ಹಲಗೆಯ ಮೇಲೆ ಬರೆದಿಡಿ. ಅದನ್ನೇ ಫೋನ್ ಮಾಡಿದ ಶಾಲೆಗಳಿಗೂ ಹೇಳಿದರೆ ನಮಗೆ ತಾರೀಕು ಗೊತ್ತುಮಾಡುವುದು ಎಷ್ಟೋ ಸುಲಭವಾಗುತ್ತದೆ.

ಈ ಕಡೆ ಈಗ ರಾಗಿ ತೆನೆ ಬಲಿಯುತ್ತಿದೆ. ಜನವರಿಯ ಒಕ್ಕಣೆಗೆ ಹೋಗಬೇಕು ಎನ್ನುವ ಶಾಲೆಗಳು ಹೊಲ ನೋಡಿಕೊಂಡು ಬರಲು, ಮನೆಯವರ ಜೊತೆ ಮಾತಾಡಲು, ಅನುಮತಿಗೆ ಅರ್ಜಿ ಹಾಕಲು ಇದೇ ಸರಿಯಾದ ಹೊತ್ತು. ಜನವರಿಯಲ್ಲಿ ಒಂದು ದಿನದ ಭೇಟಿಗೆ ಅನುಮತಿ ಕೇಳಿದವರಿಗೆ ಇಲಾಖೆ ಇಲ್ಲ ಅನ್ನದಿರಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ, ಬೆಂಗಳೂರು